ನಡುತೊಲೆಯ ಕಲ್ಲು

ನಮ್ಮೂರಿನಲ್ಲಿ ಮಂಜು ಅಂಗಡಿಗಳ ಮೇಲೆ ಮಾತ್ರ ಕೂರುತ್ತದೆ. ಕಾರ್ತೀಕ ಕಳೆದು ಚಳಿ ಹಿಡಿಯುತ್ತಿದ್ದಂತೆ ಬೆಳಗಿನ ಹೊತ್ತು ಕೆರೆಯ ಕಡೆಯಿಂದ ಎದ್ದು ಬರುತ್ತದೆ. ಮನೆಗಳನ್ನು ದಾಟುತ್ತದೆ, ಶಾಲೆಯನ್ನು ದಾಟುತ್ತದೆ, ಎಲ್ಲಿ ಮಾರುವುದು ಕೊಳ್ಳುವುದು ನಡೆಯುತ್ತಿದೆಯೋ ಆ ಚಾವಣಿಯ ಮೇಲೆ ಇಳಿದು ಕೂತುಬಿಡುತ್ತದೆ. ಒದ್ದೆ ಹತ್ತಿಯ ಹಾಗೆ ಬೆಳ್ಳಗೆ, ಮೆತ್ತಗೆ. ಆದರೆ ಎತ್ತಿದರೆ ಗೊತ್ತಾಗುತ್ತದೆ ಅದರ ಭಾರ. ವ್ಯಾಪಾರ ಜೋರಾದಷ್ಟೂ ಪದರ ದಪ್ಪ. ಒಮ್ಮೆ ಕೂತರೆ ಬಾಗಿಲು ಹಾಕಿದರೂ ಏಳುವುದಿಲ್ಲ. ಯಾರಾದರೂ ಹತ್ತಿ ತಳ್ಳಬೇಕು, ಇಲ್ಲವೇ ಶಿವರಾತ್ರಿಯ ಬಿಸಿಲು ಬರುವವರೆಗೆ ಚಾವಣಿ ತಡೆದುಕೊಳ್ಳಬೇಕು.

ಹೀಗಾಗಿ ನಮ್ಮಲ್ಲಿ ಗುಟ್ಟಾಗಿ ವ್ಯಾಪಾರ ಮಾಡುವುದು ಕಷ್ಟ. ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಅಕ್ಕಪಕ್ಕದವರಿಗೆ ಮಾರುವ ಹೆಂಗಸಿನ ಅಡುಗೆಮನೆಯ ಮೇಲೆ ಚಾಪೆಯಷ್ಟಗಲ ಮಂಜು ಕೂತಿರುತ್ತದೆ. ಒಂದು ವರ್ಷ ಯಾರದೋ ಮನೆಗೆ ಹೆಣ್ಣು ನೋಡಲು ಬಂದವರು ಒಳಗೆ ಕೂತು ವರದಕ್ಷಿಣೆಯ ಮಾತಾಡುತ್ತಿರುವಾಗ ಆ ಮನೆಯ ಹೆಂಚು ಲಟಲಟ ಎನ್ನತೊಡಗಿತಂತೆ. ಹುಡುಗಿಯ ಅಜ್ಜಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ, ಬಂದವರ ಚಪ್ಪಲಿಗಳನ್ನೆಲ್ಲ ತಾನೇ ಜೋಡಿಸಿ ರಸ್ತೆಯ ಕಡೆಗೆ ಮುಖ ಮಾಡಿ ಇಟ್ಟಳಂತೆ.

ಚಾವಣಿ ಕಾಯುವ ಕೆಲಸ ನಮ್ಮ ಮನೆಯದು. ಮನೆ ಎಂದರೆ ನಾನು ಮತ್ತು ನನ್ನ ಸೋದರತ್ತೆ ಹೊನ್ನಾಜಮ್ಮ, ಇಬ್ಬರೇ. ದೀಪಾವಳಿ ಮುಗಿದ ಮಾರನೆಯ ದಿನದಿಂದ ಅಂಗಡಿ ಅಂಗಡಿಯ ಮೇಲೆ ಏಣಿ ಹಾಕುತ್ತೇವೆ. ಒಡೆದ ಹೆಂಚು ಬದಲಿಸುತ್ತೇವೆ. ನೀರು ಹರಿಯುವ ತಗಡಿನ ದೋಣಿಯಲ್ಲಿ ಸೇರಿಕೊಂಡ ಎಲೆ, ಕಾಗೆ ತಂದು ಹಾಕಿದ ಮೂಳೆ, ಗಾಳಿಪಟದ ಬಾಲ ಎಲ್ಲವನ್ನೂ ಬಳಿದು ತೆಗೆಯುತ್ತೇವೆ. ಕರಗಿದ ಮಂಜಿಗೆ ಹೋಗಲು ದಾರಿ ಸಿಗದಿದ್ದರೆ ನೀರು ಗೋಡೆಗೆ ಇಳಿದು ತೊಲೆಯ ತುದಿ ಕೊಳೆಯುತ್ತದೆ. ಮಂಜು ತಳ್ಳಲು ಹಲಸಿನ ಹಲಗೆ, ಅದಕ್ಕೆ ಬಿದಿರಿನ ಹಿಡಿ. ಕಬ್ಬಿಣ ಮುಟ್ಟಿಸುವುದಿಲ್ಲ, ಹೆಂಚು ಸೀಳುತ್ತದೆ.

ನಾನು ಶಾಲೆ ಬಿಟ್ಟದ್ದು ಆರನೇ ತರಗತಿಯಲ್ಲಿ. ಮೇಷ್ಟರು, ಎದ್ದು ನಿಂತು ಪಾಠ ಓದು ಎಂದರು. ಎದ್ದೆ, ಪುಸ್ತಕ ಹಿಡಿದೆ, ಅಕ್ಷರಗಳೆಲ್ಲ ಗೊತ್ತಿದ್ದವು, ದನಿ ಮಾತ್ರ ಬರಲಿಲ್ಲ. ಮೊದಲು ಎರಡು ಬೆಂಚಿನವರು ನಕ್ಕರು, ಆಮೇಲೆ ಎಲ್ಲರೂ. ಮಾರನೆಯ ದಿನ ನಾನು ಹೋಗಲಿಲ್ಲ. ಅತ್ತೆ ಕಾರಣ ಕೇಳಲಿಲ್ಲ. "ಸೂರಿನ ಮೇಲೆ ಓದಿ ಹೇಳೋದೇನೂ ಇರಲ್ಲ, ಬಾ" ಎಂದು ಕೈಗೆ ಹಲಗೆ ಕೊಟ್ಟಳು.

ಆದರೆ ಸೂರಿನ ಮೇಲೂ ಕೂಗುವುದಿತ್ತು. ಎರಡು ಇಳಿಜಾರಿನ ಚಾವಣಿಯಾದರೆ ಎರಡೂ ಕಡೆಯಿಂದ ಒಂದೇ ಸಮ ಭಾರ ಇಳಿಸಬೇಕು. ಒಂದು ಕಡೆ ಹಗುರಾಗಿ ಇನ್ನೊಂದು ಕಡೆ ಹಾಗೇ ಉಳಿದರೆ ನಡುತೊಲೆ ತಿರುಚಿಕೊಳ್ಳುತ್ತದೆ. ಈ ಕಡೆ ಒಬ್ಬರು, ಆ ಕಡೆ ಒಬ್ಬರು, ಚಾವಣಿಯ ನೆತ್ತಿ ಅಡ್ಡವಾಗಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಹಾಗಾಗಿ ಒಬ್ಬರು "ತಳ್ಳು" ಎಂದು ಕೂಗಬೇಕು, ಇನ್ನೊಬ್ಬರು ತಳ್ಳಿ "ತಳ್ಳಿದೆ" ಎನ್ನಬೇಕು. ಶಾಲೆ ಬಿಟ್ಟಾಗಿನಿಂದ ಎಂಟು ಚಳಿಗಾಲವೂ ಕೂಗಿದವಳು ಅತ್ತೆ. ನಾನು ಹೇಳುತ್ತಿದ್ದ "ತಳ್ಳಿದೆ" ನನ್ನ ಸೆರಗಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅತ್ತೆ ಹಲಗೆಯ ಸದ್ದಿನ ಮೇಲೇ ಅಂದಾಜು ಮಾಡಿಕೊಳ್ಳುತ್ತಿದ್ದಳು.

ಇನ್ನು ಕಲ್ಲಿನ ವಿಷಯ. ಪ್ರತಿ ಅಂಗಡಿಯ ನಡುತೊಲೆಯಿಂದ ಒಂದು ಹುರಿ ಇಳಿಬಿಟ್ಟಿರುತ್ತದೆ, ಅದರ ತುದಿಗೆ ಗುಂಡುಕಲ್ಲು, ಕಲ್ಲಿನ ಕೆಳಗೆ ನೆಲದ ಮೇಲೆ ಕಂಚಿನ ತಟ್ಟೆ. ತಟ್ಟೆಗೂ ಕಲ್ಲಿಗೂ ನಡುವೆ ಎರಡು ಬೆರಳಿನ ಜಾಗ. ಮೇಲೆ ಭಾರ ಹೆಚ್ಚಿ ತೊಲೆ ಬಾಗಿದಂತೆ ಕಲ್ಲು ಇಳಿಯುತ್ತದೆ. ತಟ್ಟೆಗೆ ತಾಗಿ ಸದ್ದಾದರೆ ಅಳೆಯುತ್ತಿದ್ದವರು ಸೇರನ್ನು ಅಲ್ಲೇ ಬಿಟ್ಟು, ಎಣಿಸುತ್ತಿದ್ದವರು ಎಣಿಕೆ ಬಿಟ್ಟು ಹೊರಗೆ ಬರಬೇಕು. ಕೂಸು ಬಿಟ್ಟು ಬೇರೇನನ್ನೂ ಎತ್ತಿಕೊಳ್ಳುವಂತಿಲ್ಲ. ಇದನ್ನು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ದೊಡ್ಡ ಮಳಿಗೆ ಎಂದರೆ ಒಂದೇ ಚಾವಣಿಯ ಕೆಳಗೆ ನಲವತ್ತು ಅಂಗಡಿ. ಹೆಚ್ಚಿನವು ಹೆಂಗಸರವು. ಮಧ್ಯದ ಬಟ್ಟೆ ಅಂಗಡಿ ಮಳಿಗೆಯ ಯಜಮಾನರಾದ ರುದ್ರಮುನಿಯಪ್ಪನವರದು. ಅವರ ಎದುರಿಗೆ ಬಳೆಯ ಖಾತೂನ್‌ಬಿ, ಬಾಗಿಲ ಹತ್ತಿರ ಎಳ್ಳು ಬೆಲ್ಲದ ಕೆಂಪಕ್ಕ. ವರ್ಷಕ್ಕೆ ಒಂದೇ ವಾರ ಎಲ್ಲರ ಕೈಗೂ ಬಿಡುವಿಲ್ಲದಷ್ಟು ಕೆಲಸ, ಅದು ಸಂಕ್ರಾಂತಿಯ ಮುಂಚಿನ ವಾರ.

ಈ ಸಲ ಸಂಕ್ರಾಂತಿಗೆ ಎಂಟು ದಿನ ಇರುವಾಗ ಅತ್ತೆ ಕಾಲು ಮುರಿದುಕೊಂಡಳು. ನಲವತ್ತು ವರ್ಷ ಚಾವಣಿಯ ಮೇಲೆ ನಡೆದವಳು ಬಚ್ಚಲುಮನೆಯ ಹೊಸಿಲು ಎಡವಿ ಬಿದ್ದಳು. ನೋಡಲು ಬಂದವರಿಗೆಲ್ಲ ನಗು ತಡೆಯುವುದೇ ಕಷ್ಟವಾಯಿತು. "ನಗ್ರಿ, ನಗ್ರಿ. ಬಚ್ಚಲಿಗೂ ಒಂದು ಏಣಿ ಹಾಕ್ಕೋಬೇಕಿತ್ತು ನಾನು" ಎಂದು ಅವಳೇ ಹೇಳಿದಳು.

ಸಣ್ಣ ಅಂಗಡಿಗಳು ಒಂದೇ ಇಳಿಜಾರಿನವು, ನಾನೊಬ್ಬಳೇ ನೋಡಿಕೊಂಡೆ. ದೊಡ್ಡ ಮಳಿಗೆಗೆ ಇನ್ನೊಬ್ಬರು ಬೇಕಿತ್ತು. ರುದ್ರಮುನಿಯಪ್ಪನವರ ಅಂಗಡಿಯ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಅವರಿಗೆ ನಾನು ಕಾಣಿಸಲು ಮೂರು ಗಿರಾಕಿಗಳು ಎದ್ದು ಹೋಗಬೇಕಾಯಿತು.

"ಏನವ್ವ ಸಣ್ಣಿ?"

"ಆ ಕಡೆ ತಳ್ಳೋಕೆ ಒಬ್ರು ಬೇಕು."

"ಈ ವಾರದಾಗೆ ಯಾರನ್ನ ಕೊಡ್ಲಿ? ಉಸಿರಾಡೋಕೆ ಪುರುಸೊತ್ತಿಲ್ಲ ಇಲ್ಲಿ." ಅವರು ಹುರಿಯ ಕಡೆ ನೋಡಿದರು. "ಕಲ್ಲು ಇನ್ನೂ ಮೇಲೈತಲ್ಲ. ಹಬ್ಬ ಮುಗೀಲಿ. ಅಷ್ಟೊತ್ತಿಗೆ ನಿಮ್ಮತ್ತೆ ಎದ್ದೇಳ್ತಾಳೆ."

ಕಲ್ಲು ಮೇಲಿದ್ದುದು ನಿಜ. ನಾನು ತಲೆ ತಗ್ಗಿಸಿಕೊಂಡು ಬಂದೆ. ಆದರೆ ದಿನವೂ ಬೆಳಿಗ್ಗೆ ಹೋಗಿ ಹುರಿಯ ಪಕ್ಕದಲ್ಲಿ ನಿಲ್ಲುವುದನ್ನು ಬಿಡಲಿಲ್ಲ. ಮೊದಲ ದಿನ ಕಲ್ಲು ಅರ್ಧ ಬೆರಳು ಇಳಿದಿತ್ತು, ಎರಡನೆಯ ದಿನ ಇನ್ನೂ ಅರ್ಧ. ಮೂರನೆಯ ದಿನ ಹುರಿಗೆ ಯಾರೋ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಚೆಂಡುಹೂವು ಪೋಣಿಸಿದ ಒಂದು ದಪ್ಪ ಗೊಂಚಲು ಕಟ್ಟಿದ್ದರು, ಹಬ್ಬದ ವ್ಯಾಪಾರಕ್ಕೆ ದೃಷ್ಟಿಯಾಗದಿರಲಿ ಎಂದು. ಅಲ್ಲಿಂದ ಮುಂದೆ ಕಲ್ಲು ಇಳಿದಂತೆಯೇ ಕಾಣಲಿಲ್ಲ. ಬಂದವರು ಗೊಂಚಲಿಗೆ ಕೈ ಮುಗಿದರು. "ನೋಡಿದ್ರಾ, ನಿಂಬೆಹಣ್ಣು ಕಟ್ಟಿದ್ಮೇಲೆ ಮಂಜೂ ಹೆದರ್ಕೊಂಡೈತೆ" ಎಂದು ಕೆಂಪಕ್ಕ ನಗಾಡಿದಳು.

ಹೊರಗೆ ನಿಂತು ನೋಡಿದರೆ ಮಂಜು ಹೆದರಿದ ಹಾಗೇನೂ ಇರಲಿಲ್ಲ. ಮೊಣಕಾಲೆತ್ತರ ಇದ್ದದ್ದು ಸೊಂಟದೆತ್ತರ ಆಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಅತ್ತೆ ನಾಲ್ಕು ವರ್ಷದ ಹಿಂದೆ ಆ ಹುರಿಯನ್ನು ಬದಲಿಸಿದಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನನ್ನ ಮೂಗುಬೊಟ್ಟಿನ ಮಟ್ಟಕ್ಕೆ ಸರಿಯಾಗಿ ಒಂದೆಳೆ ಅರಿಸಿನದ ನೂಲು ಸುತ್ತಿದ್ದಳು. "ಕಲ್ಲು ಊರಿಗೆ. ಇದು ನಮಗೆ. ಯಾರಿಗೂ ಹೇಳ್ಬೇಡ" ಎಂದಿದ್ದಳು. ನಾನು ಬೆಳೆಯುವುದು ಆಗಲೇ ನಿಂತಿತ್ತು. ಚಾವಣಿ ಹಗುರಾಗಿದ್ದಾಗ ನೂಲು ಮೂಗುಬೊಟ್ಟಿನ ಹತ್ತಿರ ಇರಬೇಕು. ಜನರೆಲ್ಲ ನೆಲದ ಮೇಲಿನ ಕಲ್ಲನ್ನೇ ನೋಡುತ್ತಾರಾದ್ದರಿಂದ ಅಷ್ಟು ಮೇಲಿನ ನೂಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ವಾರ ನಾನೂ ಕಲ್ಲನ್ನೇ ನೋಡಿಕೊಂಡು ಬರುತ್ತಿದ್ದೆ.

ಸಂಕ್ರಾಂತಿಗೆ ಎರಡು ದಿನ ಇರುವಾಗ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಳಿಗೆಗೆ ಹೋದೆ. ಕಾಲಿಡಲು ಜಾಗವಿರಲಿಲ್ಲ. ಸಕ್ಕರೆ ಅಚ್ಚಿನ ಬುಟ್ಟಿಗಳು, ಕಬ್ಬಿನ ಕಂತೆಗಳು, ಹೊಸ ಲಂಗ ಕೊಡಿಸೆಂದು ಅಳುವ ಹುಡುಗಿಯರು. ಜನರ ನಡುವೆ ನುಸುಳಿಕೊಂಡು ಹುರಿಯ ಪಕ್ಕದಲ್ಲಿ ನಿಂತೆ. ನೂಲು ನನ್ನ ಕೆಳತುಟಿಗಿಂತಲೂ ಕೆಳಗಿತ್ತು. ಬೆರಳಿಟ್ಟು ನೋಡಿದೆ. ಮೂಗುಬೊಟ್ಟಿನಿಂದ ಭರ್ತಿ ಮೂರು ಬೆರಳು. ತಲೆಯ ಮೇಲಿನ ತೊಲೆ ಮೂರು ಬೆರಳು ಬಾಗಿದೆ ಎಂದಾಯಿತು. ಹಾಗಿದ್ದರೆ ಕಲ್ಲು ಎಂದೋ ತಟ್ಟೆಗೆ ತಾಗಿರಬೇಕಿತ್ತು. ಕೆಳಗೆ ನೋಡಿದರೆ ಅದು ಒಂದು ಬೆರಳು ಮೇಲೆ ಸುಮ್ಮನೆ ತೂಗುತ್ತಿತ್ತು.

ನೂಲಿಗೂ ಕಲ್ಲಿಗೂ ನಡುವೆ ಇದ್ದದ್ದು ನಿಂಬೆಹಣ್ಣಿನ ಗೊಂಚಲು ಒಂದೇ. ಅದನ್ನು ಸ್ವಲ್ಪ ಮೇಲೆ ಸರಿಸಿದೆ. ಅದರ ಮರೆಯಲ್ಲಿ ಹುರಿಯನ್ನು ಮಡಚಿ ಗಿಡ್ಡ ಮಾಡಿ ಹಾಕಿದ ಜೀರುಗಂಟು ಇತ್ತು. ಬಟ್ಟೆಯ ಹೊರೆ ಕಟ್ಟಲು ಹಾಕುತ್ತಾರಲ್ಲ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು.

ರುದ್ರಮುನಿಯಪ್ಪನವರು ಗದ್ದುಗೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಎದ್ದು ಬಂದರು. ಹತ್ತಿರ ಬಂದು ದನಿ ತಗ್ಗಿಸಿ, "ಎರಡೇ ದಿನ ಕಣವ್ವ. ಸುಮ್ನೆ ಹೋಗು" ಎಂದರು.

"ಮೂರು ಬೆರಳು ಇಳಿದೈತೆ."

"ಆರನೇ ಕ್ಲಾಸು ಬಿಟ್ಟೋಳು ನಂಗೆ ಲೆಕ್ಕ ಹೇಳ್ಬೇಡ. ಇದು ನಮ್ಮಜ್ಜನ ಕಾಲದ ತೇಗ. ನಾನೇನು ಬೇರೆ ಕಡೆ ಕೂತಿದೀನಾ? ಇದರ ಕೆಳಗೇ ತಾನೆ ಕೂತಿರೋದು?" ಅವರ ಹಣೆಯಲ್ಲಿ ಚಳಿಯಲ್ಲೂ ಬೆವರಿತ್ತು. "ಕೆಂಪಕ್ಕನ್ನ ನೋಡು, ಖಾತೂನ್‌ಬಿನ್ನ ನೋಡು. ಈ ವಾರ ಬಾಗಿಲು ಹಾಕ್ಸಿದ್ರೆ ಇವರು ವರ್ಷೆಲ್ಲ ಏನು ತಿಂತಾರೆ? ಆ ಪಾಪ ನಿಂಗ್ಬೇಕಾ?"

ಅವರು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಗೊತ್ತಿತ್ತು. ಅದೇ ಕಷ್ಟವಾದದ್ದು. ಬಾಗಿಲಿಗೆ ಹೋಗಿ ಮೂರು ಸಲ ಕೂಗಿ ಎಲ್ಲರನ್ನೂ ಹೊರಗೆ ಕರೆಯುವ ಹಕ್ಕು ಚಾವಣಿ ಕಾಯುವವರಿಗೆ ಇದೆ. ಬಾಯಿ ತೆರೆದೆ. ಆರನೇ ತರಗತಿಯಲ್ಲಿ ಆದದ್ದೇ ಆಯಿತು. ಅವರು ಸಮಾಧಾನವಾದವರಂತೆ ತಲೆಯಾಡಿಸಿ ಅಂಗಡಿಯ ಕಡೆ ತಿರುಗಿದರು. ಆಗ ಮೇಲಿಂದ ತೊಲೆ ನರಳಿತು. ಬಾಗಿಲು ತೆರೆದಾಗ ಬರುವ ಸದ್ದಿನಂತಿದ್ದುದರಿಂದ ಯಾರೂ ತಲೆಯೆತ್ತಲಿಲ್ಲ. ನಾನು ಜೀರುಗಂಟಿನ ತುದಿ ಹಿಡಿದು ಎಳೆದೆ.

ಠಣ್ಣ್ ಎಂದಿತು. ಮೆಲ್ಲಗೆ ಇಳಿದು ತಾಗುವ ಕಲ್ಲಿನ ಉಜ್ಜುವ ಸದ್ದನ್ನಷ್ಟೇ ಕೇಳಿದ್ದ ಊರು ಅಂಥ ಸದ್ದನ್ನು ಎಂದೂ ಕೇಳಿರಲಿಲ್ಲ. ಒಂದು ಗಳಿಗೆ ಎಲ್ಲವೂ ನಿಂತಿತು. ಆಮೇಲೆ ನಲವತ್ತು ಅಂಗಡಿಯೂ ಒಟ್ಟಿಗೆ ಎದ್ದಿತು. ಕೆಂಪಕ್ಕ ಅರ್ಧ ತುಂಬಿದ ಸೇರನ್ನು ಹಾಗೇ ಇಟ್ಟು ನಡೆದಳು. ಖಾತೂನ್‌ಬಿ ಬಳೆ ತೊಡಿಸುತ್ತಿದ್ದ ಕೈಯನ್ನು ಹಿಡಿದುಕೊಂಡೇ, ಆ ಹುಡುಗಿಯನ್ನು ಎಳೆದುಕೊಂಡೇ ಹೊರಗೆ ಬಂದಳು. ಬಾಗಿಲು ಇಕ್ಕಟ್ಟಾದರೂ ಯಾರೊಬ್ಬರೂ ತಳ್ಳಾಡಲಿಲ್ಲ. ಕೊನೆಗೆ ಬಂದವರು ರುದ್ರಮುನಿಯಪ್ಪನವರು.

ಬೀದಿಯಲ್ಲಿ ನಿಂತು ಎಲ್ಲರೂ ಚಾವಣಿ ನೋಡಿದರು. ನೆತ್ತಿ ಮಧ್ಯದಲ್ಲಿ ಮಂಚದ ಹಗ್ಗದಂತೆ ಜಗ್ಗಿತ್ತು. ಒಳಗೆ ಎಲ್ಲರ ಸರಕೂ ಇತ್ತು. ಚಾವಣಿ ಬಿದ್ದರೆ ಸರಕಷ್ಟೇ ಅಲ್ಲ, ಮಳಿಗೆಯೇ ಇರುವುದಿಲ್ಲ. ಇಳಿಸೋಣವೆಂದರೆ ಇನ್ನೊಂದು ಕಡೆಗೆ ಚಾವಣಿ ಹತ್ತಿ ಗೊತ್ತಿದ್ದವರು ಯಾರೂ ಇಲ್ಲ.

ಯಾರು ಹೇಳಿ ಕಳಿಸಿದರೋ, ಇಬ್ಬರು ಹಮಾಲರು ಅತ್ತೆಯನ್ನು ಕುರ್ಚಿಯ ಸಮೇತ ಹೊತ್ತುಕೊಂಡು ಬಂದರು. ಅವಳು ಚಾವಣಿಯನ್ನು ನೋಡಿದಳು, ನನ್ನ ಮುಖ ನೋಡಿದಳು.

"ಎಷ್ಟು?"

"ಮೂರು."

"ನೀನು ಏಣಿ ಹತ್ತು. ನಾನು ಒಳಗೆ ಹುರಿ ಹಿಡಿದು ಕೂರ್ತೀನಿ. ಒಂದು ಬೆರಳು ಎದ್ರೆ ತಟ್ಟೆಗೆ ಒಂದ್ಸಲ ಬಡೀತೀನಿ."

"ನೀನು ಒಳಗೆ ಬೇಡ ಅತ್ತೆ. ಬೇರೆ ಯಾರಾದ್ರೂ..."

"ಬೇರೆಯವರಿಗೆ ನಿನ್ನ ಕಾಲಿನ ಸದ್ದು ಗೊತ್ತಾ? ಸುಮ್ನಿರು. ಆ ಕಡೆಗೆ ಯಾರು?"

ಹಮಾಲರು ಮುಂದೆ ಬಂದರು, ಅತ್ತೆ ಅವರ ಮೈಕಟ್ಟು ನೋಡಿ ಬೇಡವೆಂದು ಕೈಯಾಡಿಸಿದಳು. ಈಗಿರುವ ಭಾರಕ್ಕೆ ಅಷ್ಟು ತೂಕ ಸೇರಿದರೆ ಆಗದು. ಖಾತೂನ್‌ಬಿ ಇಷ್ಟು ಹೊತ್ತಿಗೆ ಗಂಟಿನ ಸಂಗತಿಯನ್ನು ನನ್ನ ಬಾಯಿಂದ ಕೇಳಿಕೊಂಡಿದ್ದಳು. "ನಿಂಬೆಹಣ್ಣು ಕಟ್ಟಿದವರೇ ಹತ್ಲಿ" ಎಂದಳು. "ಮೂಳೆ ಬಿಟ್ರೆ ಮೈಯಲ್ಲಿ ಏನೈತೆ ಅವರಿಗೆ? ಕಾಗೆ ಕೂತಷ್ಟೂ ಭಾರ ಆಗಲ್ಲ."

ಯಾರೋ ನಕ್ಕರು, ಅಲ್ಲಿಗೇ ನಿಲ್ಲಿಸಿದರು. ರುದ್ರಮುನಿಯಪ್ಪನವರು ಯಾರ ಮುಖವನ್ನೂ ನೋಡದೆ ಕೋಟು ಬಿಚ್ಚಿ, ಅಂಗಡಿಯಲ್ಲಿ ಬಟ್ಟೆ ಮಡಿಸುವ ಹಾಗೆಯೇ ನೀಟಾಗಿ ಮಡಿಸಿ ಕೆಂಪಕ್ಕನ ಕೈಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿದರು.

"ಕನ್ನಡಕ ಇರ್ಲಾ, ತೆಗೀಲಾ?" ಎಂದು ನನ್ನನ್ನು ಕೇಳಿದರು.

"ಇರ್ಲಿ. ಮೇಲೆ ಹೆಂಗೂ ಏನೂ ಕಾಣ್ಸಲ್ಲ."

ಅವರಿಗೆ ಹೆಂಚಿನ ಮೇಲೆ ಮಲಗಿಸಿದ ಏಣಿಯ ಮೆಟ್ಟಿಲ ಮೇಲೆ ಮಾತ್ರ ಕಾಲಿಡಬೇಕೆಂದು, ನಾನು ತಳ್ಳು ಎಂದಾಗ ಒಂದೇ ಹಲಗೆಯಗಲ ತಳ್ಳಿ ನಿಲ್ಲಬೇಕೆಂದು ಹೇಳಿದೆ. ಇಷ್ಟನ್ನು ಹೇಳಿದ್ದು ಅವರ ಪಾದಗಳಿಗೆ. ಆಮೇಲೆ ಇಬ್ಬರೂ ಎರಡು ಕಡೆಯಿಂದ ಹತ್ತಿದೆವು.

ಮೇಲೆ ಮಂಜು ಎದೆಮಟ್ಟ ಇತ್ತು. ಅದರೊಳಗೆ ಸದ್ದು ಹುಗಿದುಹೋಗುತ್ತದೆ. ಬೀದಿಯ ಗದ್ದಲ ಬೇರೆ ಯಾವುದೋ ಊರಿನದು ಎನಿಸಿತು. ಹಲಗೆ ಊರಿ "ತಳ್ಳು" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಎಂದೆ. ಅದು ನನಗೇ ಕೇಳಿಸಲಿಲ್ಲ. ಕಾಲ ಕೆಳಗೆ ತೊಲೆ ಮತ್ತೆ ನರಳಿತು, ಈ ಸಲ ಉದ್ದವಾಗಿ. ನನ್ನ ಪಾದಕ್ಕೆ ನೇರ ಕೆಳಗೆ, ಮುರಿದ ಕಾಲು ಚಾಚಿಕೊಂಡು ಹುರಿ ಹಿಡಿದು ಕೂತಿರುವವಳ ನೆತ್ತಿ ಇತ್ತು. ನಾನೊಬ್ಬಳೇ ತಳ್ಳಿದರೆ ತೊಲೆ ತಿರುಚುತ್ತದೆ, ತಳ್ಳದಿದ್ದರೆ ಮುರಿಯುತ್ತದೆ.

"ತಳ್ಳೂ!"

ಅದು ನನ್ನ ದನಿಯೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಟ್ಟಿಹಾಕಿದ ಮೇಕೆಯ ದನಿಯಂತೆ ಒರಟಾಗಿತ್ತು. ಬೀದಿಯಲ್ಲಿ ಗದ್ದಲ ಥಟ್ಟನೆ ನಿಂತಿತು. ಆ ಕಡೆಯಿಂದ, ನೆತ್ತಿಯಾಚೆಯಿಂದ, "ತಳ್ದೇ!" ಎಂದು ಕೇಳಿಸಿತು.

ಎರಡೂ ಕಡೆ ಮಂಜು ದೊಪ್ಪನೆ ಬಿತ್ತು. ಮತ್ತೆ ಕೂಗಿದೆ. ಮತ್ತೆ ಬಿತ್ತು. ಹತ್ತು ಸಲ ಸರಿಯಾಗಿ ನಡೆಯಿತು. ಹನ್ನೊಂದನೆಯದಕ್ಕೆ ಆ ಕಡೆಯಿಂದ ಒಂದರ ಹಿಂದೆ ಇನ್ನೊಂದು ಬಿದ್ದ ಸದ್ದು ಬಂತು, ಕಾಲ ಕೆಳಗಿನ ಏಣಿ ನನ್ನ ಕಡೆಗೆ ಸ್ವಲ್ಪ ವಾಲಿತು. ಬೇಗ ಮುಗಿಸೋಣವೆಂದು ಅವರು ಎರಡು ಹಲಗೆ ತಳ್ಳಿಬಿಟ್ಟಿದ್ದರು.

"ಯಜಮಾನ್ರೇ! ನಾನು ಹೇಳೋವರ್ಗೂ ಮುಟ್ಬೇಡಿ! ಕೆಳಗೆ ನಮ್ಮತ್ತೆ ಅವಳೆ!"

ಅವರ ಎದುರು ಎಂದೂ ತಲೆಯೆತ್ತಿ ಮಾತಾಡಿರಲಿಲ್ಲ ನಾನು. ಈಗ ಮುಖ ಕಾಣುತ್ತಿರಲಿಲ್ಲವಲ್ಲ, ಅದೇ ಒಳ್ಳೆಯದಾಯಿತು.

"ತಪ್ಪಾಯ್ತು ಕಣವ್ವ" ಎಂದು ಆ ಕಡೆಯಿಂದ ಬಂತು. ನನ್ನ ಕಡೆ ಒಂದು ಹಲಗೆ ಹೆಚ್ಚು ಇಳಿಸಿ ಸಮ ಮಾಡಿಕೊಂಡೆ. ಮುಂದೆ ಅವರು ತಪ್ಪಲಿಲ್ಲ.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಒಳಗಿನಿಂದ ಒಂದು ಸಲ ಠಣ್ ಎಂದಿತು. ಬೀದಿಯಲ್ಲಿ ಹೆಂಗಸರೆಲ್ಲ ಒಟ್ಟಿಗೆ ಹೋ ಎಂದರು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆಯಿತು. ಸೆರಗು ಹರಿದು ಸುತ್ತಿಕೊಂಡೆ. ಎರಡನೆಯ ಠಣ್ ಬರುವಾಗ ಬಿಸಿಲು ಪಡುವಣಕ್ಕೆ ವಾಲಿತ್ತು.

"ಸಣ್ಣೀ" ಎಂದರು ರುದ್ರಮುನಿಯಪ್ಪನವರು. "ಸಾಕಲ್ವೇನವ್ವ? ತೋಳು ಬಿದ್ದೋಗೈತೆ. ಇನ್ನು ತಡ್ಕೊಳುತ್ತೆ ಬಿಡು."

"ಇನ್ನೊಂದು ಬೆರಳೈತೆ."

"ನಾಳೆ ಬೆಳಿಗ್ಗೆ..."

"ತಳ್ಳೂ!"

ಆ ಕಡೆ ಹಲಗೆ ಹೆಂಚಿಗೆ ಉಜ್ಜಿದ ಸದ್ದಾಯಿತು. ಆಮೇಲೆ, "ತಳ್ದೆ."

ಮೂರನೆಯ ಠಣ್ ಕೇಳಿದಾಗ ನೆತ್ತಿಯಲ್ಲಿ ನಮ್ಮ ನಡುವೆ ಉಳಿದಿದ್ದದ್ದು ಎರಡು ಗೇಣು ಮಂಜು. ಅದರಾಚೆ ಅವರ ಕನ್ನಡಕ ಕಾಣಿಸಿತು, ಎರಡೂ ಗಾಜು ಬೆಳ್ಳಗೆ. ಕೈಯಲ್ಲಿ ಹಲಗೆ ಹಿಡಿದು ಮುಂದಿನ ಕೂಗಿಗೆ ಕಾಯುತ್ತ ನಿಂತಿದ್ದರು. ಕೆಲಸ ಮುಗಿದದ್ದೇ ಅವರಿಗೆ ಗೊತ್ತಾಗಿರಲಿಲ್ಲ.

ಕೆಳಗೆ ಇಳಿದಾಗ ನನಗೆ ಮಾತಾಡಲು ಆಗಲಿಲ್ಲ. ದನಿ ಪೂರ್ತಿ ಬಿದ್ದುಹೋಗಿತ್ತು. ಖಾತೂನ್‌ಬಿ ನನ್ನ ಅಂಗೈ ತೊಳೆದು ಬೆಣ್ಣೆ ಹಚ್ಚಿದಳು. "ಎಂಟು ವರ್ಷದ್ದು ಒಂದೇ ದಿನ ಖರ್ಚು ಮಾಡಿಬಿಟ್ಟೆಯಲ್ಲ ಬೇಟಿ" ಎಂದಳು. ಹುರಿ ಹಿಡಿದಿದ್ದ ಅತ್ತೆಯ ಬೆರಳುಗಳು ಮಡಿಸಿಕೊಂಡೇ ಇದ್ದವು. ನಾನು ಒಂದೊಂದಾಗಿ ಬಿಡಿಸಿದೆ.

ಮಾರನೆಯ ಬೆಳಿಗ್ಗೆ ಮಳಿಗೆಯವರೆಲ್ಲ ಬಾಗಿಲ ಮುಂದೆ ನಿಂತಿದ್ದರು. ತೆರೆಯಬಹುದು ಎಂದು ಚಾವಣಿ ಕಾಯುವವರು ಹೇಳಬೇಕು. ನನಗೆ ದನಿ ಇರಲಿಲ್ಲ. ಒಳಗೆ ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ, ಹುರಿಯ ಪಕ್ಕದಲ್ಲಿ ನೆಟ್ಟಗೆ ನಿಂತು ಅರಿಸಿನದ ನೂಲನ್ನು ಬೆರಳಿಂದ ತೋರಿಸಿದೆ, ಆಮೇಲೆ ಮೂಗುಬೊಟ್ಟನ್ನು ತೋರಿಸಿದೆ. ಎರಡೂ ಒಂದೇ ಮಟ್ಟದಲ್ಲಿದ್ದವು. ತಲೆಯಾಡಿಸಿದೆ.

ಕುರ್ಚಿಯಲ್ಲಿ ಕೂತಿದ್ದ ಅತ್ತೆ ಹುಬ್ಬು ಗಂಟಿಕ್ಕಿದಳು. "ಎಲ್ಲರಿಗೂ ತೋರಿಸ್ಬಿಟ್ಟೆಯಾ? ಇನ್ನು ನಮಗೇನೇ ಕೆಲಸ?"

ಮೊದಲು ಒಳಗೆ ಬಂದ ರುದ್ರಮುನಿಯಪ್ಪನವರು ತಮ್ಮ ಅಂಗಡಿಗೆ ಹೋಗಲಿಲ್ಲ. ಎರಡೂ ತೋಳು ಮೈಗಂಟಿಸಿಕೊಂಡು ಹುರಿಯ ಪಕ್ಕಕ್ಕೆ ಬಂದು ನಿಂತು, ಗದ್ದ ಎದೆಗೊತ್ತಿ ಕೆಳಗೆ ನೋಡಿದರು. ನೂಲು ಅವರ ಅಂಗಿಯ ಮೊದಲ ಗುಂಡಿಗೆ ಬರುತ್ತಿತ್ತು. "ಗುಂಡಿ" ಎಂದರು, ತಮಗೆ ತಾವೇ. ಅವರ ಹಿಂದೆ ಕೆಂಪಕ್ಕ ನಿಂತು ನೋಡಿಕೊಂಡಳು. ಅವಳಿಗೆ ಅದು ಹಣೆಯ ಕುಂಕುಮಕ್ಕೆ. ಖಾತೂನ್‌ಬಿಗೆ ಕಿವಿಯ ಓಲೆಗೆ. ಒಬ್ಬೊಬ್ಬರಾಗಿ ನಲವತ್ತು ಜನವೂ ಬಂದು ನಿಂತು, ತಮ್ಮ ಮೈಮೇಲೆ ಅದು ಎಲ್ಲಿಗೆ ಬರುತ್ತದೆಂದು ನೋಡಿ, ಬೆರಳಿಟ್ಟು ನೆನಪಿಟ್ಟುಕೊಂಡು ಹೋದರು.

ಆಮೇಲೆ ಕೆಂಪಕ್ಕ ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಸೇರನ್ನು ತುಂಬಿಸಿ ಮೊದಲ ಗಿರಾಕಿಗೆ ಎಳ್ಳು ಸುರಿದಳು. ತಲೆಯ ಮೇಲೆ, ಹೆಂಚಿನ ಮೇಲೆ, ಮೆತ್ತಗೆ ಏನೋ ಬಂದು ಕೂತ ಸದ್ದಾಯಿತು. ನಾನು ಹಲಗೆ ತೆಗೆದುಕೊಂಡೆ. ರುದ್ರಮುನಿಯಪ್ಪನವರು ಗದ್ದುಗೆಯ ಮೇಲೆ ಕೂರಲು ಹೋದವರು ನನ್ನನ್ನು ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಕೋಟು ಬಿಚ್ಚತೊಡಗಿದರು.